ಗುಡ್ಡ ಹತ್ತಿದ ಸಾಹುಕಾರರು

ಮೊನ್ನೆ ಸಾಹುಕಾರರ ಅಳಿಯ ನಮ್ಮ ಅಂಗಡಿಗೆ ಬಂದಿದ್ದ. ಮಾವನವರು ತೀರಿಕೊಂಡು ವರ್ಷ ತುಂಬುತ್ತ ಬಂತು, ಅವರ ನೆನಪಿಗೆ ಒಂದು ಸಂಚಿಕೆ ತರುತ್ತಿದ್ದೇವೆ, ನೀವೂ ಒಂದೆರಡು ಪುಟ ಬರೆದುಕೊಡಬೇಕು ಎಂದ. ಗೊಬ್ಬರದ ಚೀಲದ ಮೇಲೆ ಕೂತು ಚಹಾ ಕುಡಿಯುತ್ತ ಕಾರಣವನ್ನೂ ಅವನೇ ಹೇಳಿದ.

"ನಮ್ಮ ಮಾವಾರು ಹತ್ತಿದ ಗುಡ್ಡಾನ ನೀವೂ ನೋಡಿ ಬಂದೀರಲ್ರಿ ಅಕ್ಕಾರ. ಅದನ್ನ ಬರೀರಿ. ಅತ್ತಿಯಾರ ನಿಮ್ಮ ಹೆಸರು ಹೇಳಿ ಕಳಿಸ್ಯಾರ. ಒಂದು ಫೋಟೋನೂ ಕೊಡ್ರಿ."

ಬರೆದುಕೊಡುತ್ತೇನೆ ಎಂದೆ. ಖುಷಿಯಿಂದ ಗಾಡಿ ಹತ್ತಿ ಹೋದ. ಪಾಪ ಎಂಬ ಮಾತು ಬಾಯಿತನಕ ಬಂದಿತ್ತು, ನುಂಗಿಕೊಂಡೆ.

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಸಂಚಿಕೆಯ ತುಂಬ ಅದೇ ಇರುತ್ತದೆ, ನನ್ನ ಪುಟದಲ್ಲಾದರೂ ಬೇಡ. ಸಾಹುಕಾರರು ಎಂದರೆ ಸಾಕು, ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರಿಗೆ ಯಾರು ಬೇಕಾದರೂ ಅಂಗಡಿ ತೋರಿಸುತ್ತಿದ್ದರು. ಬೀಜ ಮತ್ತು ಗೊಬ್ಬರದ ಅಂಗಡಿ. ನಮ್ಮದೂ ಅದೇ ವ್ಯಾಪಾರ. ನಡುವೆ ಒಂದು ರಸ್ತೆ, ಅಷ್ಟೆ. ಹೀಗಾಗಿ ಅವರು ಬಾಗಿಲು ತೆಗೆಯುವುದರಿಂದ ಹಿಡಿದು ಬಾಗಿಲು ಹಾಕುವವರೆಗೆ ಅವರ ಮುಖ ನೋಡುವ ಭಾಗ್ಯ ನನ್ನದಾಗಿತ್ತು.

ಇಸ್ತ್ರಿ ಮುರಿಯದ ಬಿಳಿ ಅಂಗಿ, ಬಿಳಿ ಪ್ಯಾಂಟು, ಹಣೆಯ ತುಂಬ ವಿಭೂತಿ, ಮಳೆಗಾಲದ ಕೆಸರಿನಲ್ಲೂ ಮಿಂಚುವ ಕರಿ ಬೂಟು. ಆ ಬೂಟನ್ನು ಅಂಗಡಿಯ ಹಮಾಲನ ಕೈಯಿಂದ ಒರೆಸಿಕೊಳ್ಳುತ್ತಿದ್ದರು, ಅದೂ ರಸ್ತೆಗೆ ಕಾಣುವಂತೆ. ಮೆಕ್ಕೆಜೋಳದ ಕಾಳನ್ನು ಹಲ್ಲಿಗೆ ಹಾಕಿ ಕಟ್ ಎನಿಸಿ, ಇನ್ನೂ ತೇವ ಐತಿ, ಒಣಗಿಸು ಎಂದರೆ ಆ ಮಾತು ತಪ್ಪುತ್ತಿರಲಿಲ್ಲ. ಇದನ್ನು ಬರೆಯದಿದ್ದರೆ ಅನ್ಯಾಯವಾಗುತ್ತದೆ, ಬರೆದಿದ್ದೇನೆ. ಅವರ ಬಗ್ಗೆ ನನ್ನಲ್ಲಿರುವ ಒಳ್ಳೆಯ ಮಾತು ಇಲ್ಲಿಗೆ ಮುಗಿಯಿತು.

ಬಂದವರಿಗೆಲ್ಲ ಚಹಾ ಕೊಡಿಸುತ್ತಿದ್ದರು. ಗಂಡಸರಿಗೆ ತಮ್ಮಾ, ಹೆಂಗಸರಿಗೆ ತಂಗೆವ್ವ. ದನಿ ಎಷ್ಟು ಮೆತ್ತಗೆ ಎಂದರೆ, ಬೈಸಿಕೊಂಡವನಿಗೆ ಮನೆ ಮುಟ್ಟಿದ ಮೇಲೆ ಬೈಸಿಕೊಂಡದ್ದು ಗೊತ್ತಾಗುತ್ತಿತ್ತು. ಇನ್ನೊಂದು ಅಭ್ಯಾಸವಿತ್ತು. ಸುಳ್ಳು ಹೇಳುವ ಮುಂಚೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ನಿಧಾನಕ್ಕೆ ಒರೆಸುತ್ತಿದ್ದರು. ಇದನ್ನು ಕಂಡುಹಿಡಿದದ್ದು ನಮ್ಮ ಮನೆಯವರು. ಸಾಹುಕಾರರು ಕನ್ನಡಕ ತೆಗೆದರೆಂದರೆ ನಮ್ಮವರು ಈಚೆಯಿಂದ ನನಗೆ ಕಣ್ಣು ಮಿಟುಕಿಸುತ್ತಿದ್ದರು. ಆದರೆ ಗುಡ್ಡದ ಕತೆಗೆ ಅವರು ಕನ್ನಡಕ ಒರೆಸಿದ್ದನ್ನು ನಾವಿಬ್ಬರೂ ನೋಡಿರಲಿಲ್ಲ. ಅದಕ್ಕೇ ನಂಬಿದೆವು.

ಗುಡ್ಡದ ಕತೆ ಹೇಳಬೇಕೆಂದರೆ ನಮ್ಮ ವ್ಯಾಪಾರದ ಒಂದು ರೀತಿಯನ್ನು ಹೇಳಬೇಕು. ಬೀಜದ ಕಂಪನಿಯವರು ಚೆನ್ನಾಗಿ ಮಾರಿದ ಅಂಗಡಿಯವರನ್ನು ತಮ್ಮ ಖರ್ಚಿನಲ್ಲಿ ಪರದೇಶಕ್ಕೆ ಕರೆದುಕೊಂಡು ಹೋಗುತ್ತಾರೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ ಎಲ್ಲ ಕಡೆಯೂ ಇದುಂಟು. ಪಾಸ್‌ಪೋರ್ಟ್ ಹೇಗಿರುತ್ತದೆಂದು ನಮ್ಮ ಓಣಿಯವರು ಮೊದಲು ನೋಡಿದ್ದು ಬೀಜದ ಅಂಗಡಿಯಲ್ಲಿಯೇ. ಸಾಹುಕಾರರು ಹಾಗೆ ಒಮ್ಮೆ ಬಾಲಿಗೆ ಹೋಗಿಬಂದರು. ಬಂದವರೇ ಒಂದು ದೊಡ್ಡ ಫೋಟೋ ಕಟ್ಟು ಹಾಕಿಸಿ ಗಲ್ಲಾದ ಹಿಂದೆ, ದೇವರ ಪಟಕ್ಕಿಂತ ಒಂದು ಗೇಣು ಮೇಲೆ ತೂಗುಹಾಕಿದರು.

ಆಕಾಶಕ್ಕೆ ಎದ್ದ ಎರಡು ಕಲ್ಲಿನ ಗೋಪುರ, ನಡುವೆ ಬಾಗಿಲಿನಷ್ಟು ಸಂದು. ಆ ಸಂದಿನಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತ ಸಾಹುಕಾರರು. ಬೆನ್ನ ಹಿಂದೆ ಮೋಡ. ಕಾಲಿನ ಮುಂದೆಯೇ ತಿಳಿನೀರಿನ ಕೆರೆ, ಅದರಲ್ಲಿ ಗೋಪುರವೂ ಸಾಹುಕಾರರೂ ತಲೆಕೆಳಗಾಗಿ ಕಾಣುತ್ತಿದ್ದರು. ಚಿಗಟೇರಿಯಿಂದ ಬಂದ ರೈತನಿರಲಿ, ಇಟ್ಟಿಗಿಯಿಂದ ಬಂದವನಿರಲಿ, ಬೀಜ ಕೇಳುವ ಮೊದಲು ಈ ಕತೆ ಕೇಳಬೇಕಿತ್ತು.

"ಎಲ್ಲಾರೂ ಬಸ್ಸಿನ್ಯಾಗ ಕುಂತುಬಿಟ್ರು ತಮ್ಮಾ. ಗಂಡಸರ ಅವರು! ನಾನೊಬ್ಬನ ಹತ್ತಿದೆ. ಮುಂಜಾನಿ ಬಿಟ್ಟಾಂವ ಮಧ್ಯಾಹ್ನಕ್ಕ ತುದಿ ಮುಟ್ಟಿದೆ. ಅಲ್ಲಿ ಏನೈತಿ ಅಂತಿ? ಕೆರಿ! ಗುಡ್ಡದ ನೆತ್ತಿ ಮ್ಯಾಲೆ ಕೆರಿ! ಹಿಂಗ ಬೊಗಸಿ ತುಂಬ ಕುಡಿದೆ ನೋಡು, ಎಳನೀರು ಇದ್ದಂಗಿತ್ತು."

ಬೊಗಸೆ ಮಾಡಿ, ಕಣ್ಣು ಮುಚ್ಚಿ, ಇಲ್ಲದ ನೀರನ್ನು ಗಟಗಟ ಕುಡಿದು ತೋರಿಸುತ್ತಿದ್ದರು. ಕೇಳುವವನ ಗಂಟಲೂ ಆಡುತ್ತಿತ್ತು. ನಮ್ಮವರಂತೂ ಮರುಳಾಗಿಬಿಟ್ಟಿದ್ದರು. ನಾವೂ ಒಮ್ಮೆ ಆ ಕೆರಿ ನೋಡಿ ಬರೋಣು ಎನ್ನುತ್ತಿದ್ದರು. ನೋಡಲಿಲ್ಲ. ಜ್ವರವೆಂದು ಮಲಗಿದವರು ಏಳಲಿಲ್ಲ.

ಅವತ್ತು ಸಾಹುಕಾರರು ಹೆಗಲು ಕೊಟ್ಟರು. ಎಲ್ಲರಿಗಿಂತ ಗಟ್ಟಿಯಾಗಿ ಅತ್ತರು. ನನ್ನ ಮುಂದೆ ನಿಂತು, ಅಣ್ಣ ಅದೀನಿ ತಂಗೆವ್ವ, ಅಂಜಬ್ಯಾಡ ಎಂದರು. ನಾನು ಅವರ ಕಾಲು ಮುಟ್ಟಿದ್ದೆ, ಅದನ್ನು ನೆನೆದರೆ ಈಗಲೂ ಕೈ ತೊಳೆದುಕೊಳ್ಳಬೇಕೆನಿಸುತ್ತದೆ. ಕಾರ್ಯ ಮುಗಿಯುವುದರೊಳಗೆ, ಆ ಅಂಗಡಿ ಮುಚ್ತೈತ್ರಿ, ಹೆಣ್ಮಗಳ ಕೈಲಿ ಏನಾಗತೈತಿ, ಆ ಮಾಲು ನನಗ ಕೊಡ್ರಿ ಎಂದು ಕಂಪನಿಗೆ ಫೋನು ಮಾಡಿದ್ದರು. ರೈತರಿಗೆ ಬೇರೆ ಮಾತು. ಕನ್ನಡಕ ತೆಗೆದು ಒರೆಸುತ್ತ, ಆ ಅಂಗಡಿ ಬೀಜಕ್ಕ ತೇವ ಹಿಡಿದೈತಂತ, ಮೊಳಕಿ ಬರಂಗಿಲ್ಲಂತ, ಪಾಪ, ಅಕಿಗೇನು ಗೊತ್ತಾಗಬೇಕು ಎನ್ನುತ್ತಿದ್ದರು. ಈಚೆ ಕೂತು ನಾನು ನೋಡುತ್ತಿದ್ದೆ. ಕನ್ನಡಕ ಇಳಿದದ್ದು ಕಂಡರೆ ಸಾಕು, ಏನು ಹೇಳುತ್ತಿದ್ದಾರೆಂದು ಕೇಳಬೇಕಾಗಿಯೇ ಇರಲಿಲ್ಲ.

ನಾನು ಜಗಳಕ್ಕೆ ಹೋಗಲಿಲ್ಲ. ಪ್ರತಿ ಚೀಲದಿಂದ ಒಂದು ಹಿಡಿ ಬೀಜ ತೆಗೆದು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ, ಮೊಳಕೆ ಒಡೆದ ಮೇಲೆ ಪರಾತದಲ್ಲಿ ಹರವಿ ಅಂಗಡಿಯ ಮುಂದಿನ ಕಟ್ಟೆಯ ಮೇಲೆ ಇಟ್ಟೆ. ಬಿಳಿ ಮೊಳಕೆ ಎದ್ದ ಕಾಳುಗಳು ರಸ್ತೆಗೆ ಮುಖ ಮಾಡಿ ಕೂತಿದ್ದವು. ಜನ ನಿಂತು ನೋಡಿದರು, ಎಣಿಸಿದರು, ಒಯ್ದರು. ಎರಡು ಹಂಗಾಮು ಕಳೆಯುವಷ್ಟರಲ್ಲಿ ಪರದೇಶ ಪ್ರವಾಸಕ್ಕೆ ಬೇಕಾದಷ್ಟು ಮಾಲು ನನ್ನ ಅಂಗಡಿಯಿಂದಲೂ ಹೋಗಿತ್ತು.

ದಾವಣಗೆರೆಯ ಒಂದು ಸಭಾಂಗಣದಲ್ಲಿ ಅಂಗಡಿಯವರ ಸಭೆ. ನಾನು ಒಳ್ಳೆಯ ಇಳಕಲ್ ಸೀರೆ ಉಟ್ಟು, ಪಾಸ್‌ಪೋರ್ಟ್ ಚೀಲದಲ್ಲಿಟ್ಟುಕೊಂಡು ಹೋಗಿದ್ದೆ. ಹೆಸರು ಕರೆದರು. ವೇದಿಕೆಗೆ ಹೋದರೆ ಟಿಕೆಟ್ಟಿನ ಬದಲು ಒಂದು ಕುಕ್ಕರ್ ಕೈಗೆ ಬಂತು. ಹಿರಿಯರೆಂದು ಸಾಹುಕಾರರನ್ನು ಕಂಪನಿಯವರು ವಿಚಾರಿಸಿದ್ದರಂತೆ. ಇಷ್ಟು ಗಂಡಸರ ನಡುವೆ ಒಬ್ಬ ಹೆಣ್ಣುಮಗಳು ಬಂದರೆ ಚೆಂದ ಕಾಣುವುದಿಲ್ಲ ಎಂದರಂತೆ. ನಾನು ಕುಕ್ಕರ್ ಹಿಡಿದು ಮಂಗನಂತೆ ನಿಂತಿದ್ದೆ. ಸಾಹುಕಾರರೇ ಮೈಕು ತೆಗೆದುಕೊಂಡರು.

"ಸಿಟ್ಟು ಮಾಡ್ಕೋಬ್ಯಾಡ ತಂಗೆವ್ವ. ಅಲ್ಲೆಲ್ಲಾ ಗುಡ್ಡ ಹತ್ತಬೇಕಾಗತೈತಿ. ಕೆರಿತನಾ ಹೋಗಬೇಕಂದ್ರ ಗುಂಡಿಗಿ ಬೇಕು. ನಿನಗ ಕುಕ್ಕರ ಚಲೋ."

ಸಭೆಗೆ ಸಭೆಯೇ ನಕ್ಕಿತು. ಚಪ್ಪಾಳೆ ಬೇರೆ. ನನ್ನ ಸೀಟಿನಲ್ಲಿ ಅವರ ಅಳಿಯ ಹೋಗಿಬಂದ, ಸಂಚಿಕೆ ಕೇಳಲು ಬಂದನಲ್ಲ, ಅವನೇ. ಸಮುದ್ರ, ಅಂಗಡಿ ನೋಡಿ ಬಂದನಂತೆ, ಗುಡ್ಡದ ಕಡೆ ಸುಳಿಯಲೇ ಇಲ್ಲವಂತೆ. ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು, ಮೆಕ್ಕೆಜೋಳದ ಬೀಜವನ್ನು ನೆಲದಲ್ಲಿ ಎಷ್ಟು ಆಳಕ್ಕೆ ಊರಬೇಕೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಕುಕ್ಕರನ್ನು ನಾನು ಮನೆಗೆ ಒಯ್ಯಲಿಲ್ಲ. ಡಬ್ಬದ ಸಮೇತ ಅಂಗಡಿಯ ಅಟ್ಟದ ಮೇಲೆ, ಕೂತರೆ ನೇರ ಕಣ್ಣಿಗೆ ಬೀಳುವಂತೆ ಇಟ್ಟೆ. ಮನೆಯ ಹಳೇ ಕುಕ್ಕರಿನ ರಬ್ಬರು ಹೋಗಿ ಅನ್ನ ಅರೆಬೆಂದಾಗಲೂ ಅದನ್ನು ಇಳಿಸಲಿಲ್ಲ. ಆ ಗುಡ್ಡವನ್ನೇ ಹತ್ತುತ್ತೇನೆ, ಆ ಕೆರೆಯ ದಂಡೆಯಲ್ಲೇ ನಿಂತು ಫೋಟೋ ತೆಗೆಸಿಕೊಳ್ಳುತ್ತೇನೆ, ಅವರದಕ್ಕಿಂತ ದೊಡ್ಡ ಕಟ್ಟು ಹಾಕಿಸಿ ಅವರ ಕಣ್ಣಿಗೆ ಬೀಳುವಂತೆ ತೂಗುಹಾಕುತ್ತೇನೆ. ಬೆಳಿಗ್ಗೆ ದೇವರಿಗೆ ಕೈ ಮುಗಿಯುವಾಗ ನಾನು ಬೇಡುತ್ತಿದ್ದದ್ದು ಇಷ್ಟೇ.

ಹೋದ ವರ್ಷ ಕಂಪನಿಗೆ ಹೊಸ ಅಧಿಕಾರಿ ಬಂದರು, ಯಾರನ್ನೂ ವಿಚಾರಿಸದವರು. ಬಾಲಿ ಪ್ರವಾಸಕ್ಕೆ ನನ್ನ ಹೆಸರು ಗಟ್ಟಿಯಾಯಿತು. ಅದೇ ವಾರ ಸಾಹುಕಾರರು ಎದೆ ಹಿಡಿದುಕೊಂಡು ಕುಸಿದರು, ಆಸ್ಪತ್ರೆ ಮುಟ್ಟಲಿಲ್ಲ. ನಾನು ಅತ್ತೆ. ನೋಡಿದವರು ಎಂಥ ದೊಡ್ಡ ಮನಸ್ಸು ಎಂದರು. ನನಗೆ ಅಳು ಬಂದದ್ದು ಸಿಟ್ಟಿಗೆ. ಇಷ್ಟು ವರ್ಷ ಕಾದಿದ್ದೇನೆ, ಇನ್ನೊಂದು ತಿಂಗಳು ಬದುಕಲು ಈ ಮನುಷ್ಯನಿಗೆ ಏನಾಗಿತ್ತು? ಸಾಯುವಾಗಲೂ ನನ್ನ ಕೈಯಿಂದ ತಪ್ಪಿಸಿಕೊಂಡರು. ಸರ್ಕಲ್ಲಿನಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದರು. ಅದಕ್ಕೂ ಅದೇ ಫೋಟೋ, ಅದೇ ಕೆರೆ. ಅದನ್ನೇ ಮೊಬೈಲಿನಲ್ಲಿ ಹಿಡಿದುಕೊಂಡು ವಿಮಾನ ಹತ್ತಿದೆ.

ಬಾಲಿಯಲ್ಲಿ ಒಂದು ದಿನ ಬಿಡುವಿತ್ತು. ಜೊತೆಗೆ ಬಂದವರು ಸಮುದ್ರಕ್ಕೂ ಅಂಗಡಿಗಳಿಗೂ ಹೊರಟರು. ನಾನು ನಸುಕಿನಲ್ಲೇ ಒಂದು ಕಾರು ಹಿಡಿದೆ. ಡ್ರೈವರಿನ ಹೆಸರು ವಾಯನ್. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದ್ದಾದ್ದರಿಂದ ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾದೆವು. ಫ್ಲೆಕ್ಸಿನ ಫೋಟೋ ತೋರಿಸಿದೆ. ಗೊತ್ತು, ಗೊತ್ತು ಎಂದು ತಲೆಯಾಡಿಸಿದ. ಗದ್ದೆ, ಊರು, ತಿರುವು ದಾಟಿ ಗುಡ್ಡದ ಬುಡಕ್ಕೆ ಬಂದೆವು. ಅಲ್ಲಿಂದ ಒಂದು ಜೀಪು ನಮ್ಮನ್ನು ಡಾಂಬರು ರಸ್ತೆಯಲ್ಲೇ ಸ್ವಲ್ಪ ಮೇಲಿನ ಗುಡಿಯೊಂದರ ಮುಂದೆ ಇಳಿಸಿತು.

ಎದುರಿಗೆ ಆ ಎರಡು ಗೋಪುರ! ನಾನು ಇನ್ನೂ ಒಂದು ಹೆಜ್ಜೆಯನ್ನೂ ಹತ್ತಿರಲಿಲ್ಲ.

ಜನ ಸಾಲುಗಟ್ಟಿ ಕೂತಿದ್ದರು. ಒಬ್ಬೊಬ್ಬರೇ ಹೋಗಿ ಗೋಪುರಗಳ ನಡುವೆ ನಿಲ್ಲುತ್ತಿದ್ದರು. ಈಚೆ ತಗ್ಗು ಸ್ಟೂಲಿನ ಮೇಲೆ ಒಬ್ಬ ಮಧ್ಯವಯಸ್ಸಿನ ಗಂಡಸು ಕೂತು ಅವರವರ ಮೊಬೈಲಿನಲ್ಲೇ ಫೋಟೋ ತೆಗೆಯುತ್ತಿದ್ದ. ಕೆರೆ ಎಲ್ಲಿ? ಒಣ ಕಲ್ಲು ಹಾಸಿನ ಅಂಗಳ, ನೀರಿನ ಪಸೆಯೂ ಇಲ್ಲ. ವಾಯನ್‌ನನ್ನು ಕೇಳಿದೆ. ಅವನು ನಕ್ಕು ಸ್ಟೂಲಿನವನ ಕೈ ತೋರಿಸಿದ.

"ನೋ ಲೇಕ್, ಮೇಡಂ. ಮಿರರ್."

ಹತ್ತಿರ ಹೋಗಿ ನೋಡಿದೆ. ಮೊಬೈಲಿನ ಕಣ್ಣಿಗೆ ತಾಗಿಸಿ ಕೆಳಗೆ ಒಂದು ಕನ್ನಡಿ ಚೂರು ಹಿಡಿದಿದ್ದ. ಅದರೊಳಗಿಂದ ನೋಡಿದರೆ ಒಣ ಅಂಗಳ ಕೆರೆಯಾಗುತ್ತಿತ್ತು, ಗೋಪುರ ತಲೆಕೆಳಗಾಗುತ್ತಿತ್ತು. ಸಾಹುಕಾರರು ಬೊಗಸೆ ತುಂಬ ಕುಡಿದ ಕೆರೆ ನನ್ನ ಅಂಗೈಯಗಲ ಇತ್ತು. ಜೀಪಿನಿಂದ ಇಳಿದು, ಸಾಲಿನಲ್ಲಿ ಕೂತು, ಫೋಟೋ ತೆಗೆಸಿಕೊಂಡು, ಜೀಪು ಹತ್ತಿ ಹೋಗಿದ್ದರು ಮಹಾನುಭಾವರು. ಗುಡ್ಡದ ತುದಿಗೆ ಮೆಟ್ಟಿಲು ಶುರುವಾಗುವುದೇ ಆ ಗುಡಿಯ ಆಚೆಯಿಂದ.

ನಾನು ಮೊದಲು ಮಾಡಿದ ಕೆಲಸವೆಂದರೆ ಸ್ಟೂಲಿನವನ ಫೋಟೋ ಹೊಡೆದದ್ದು. ಅವನು, ಅವನ ಕೈಯ ಕನ್ನಡಿ, ಆಚೆ ಒಣ ಅಂಗಳದಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತ ಯಾರೋ ಒಬ್ಬ, ಎಲ್ಲವೂ ಸ್ಪಷ್ಟವಾಗಿ ಬಂತು. ಆ ಖುಷಿಯನ್ನು ಹೇಗೆ ಹೇಳಲಿ? ಬಾಯಿಗೆ ಸಕ್ಕರೆ ಬಿದ್ದಂತಾಯಿತು. ಮೈಯೆಲ್ಲ ಹಗುರಾಯಿತು.

ಕೆಲಸ ಮುಗಿದಿತ್ತು, ಹಿಂದಿರುಗಬಹುದಿತ್ತು. ಆದರೆ ಅಲ್ಲಿಂದಲೇ ಹಿಂದಿರುಗಿದರೆ ನಾನು ಮಾಡಿದ್ದೂ ಅವರು ಮಾಡಿದ್ದೂ ಒಂದೇ ಆಗುತ್ತಿತ್ತು. ಮೆಟ್ಟಿಲ ಕಡೆಗೆ ನಡೆದೆ.

ಅಲ್ಲಿ ಒಬ್ಬ ಮುದುಕಿ ಹತ್ತುವವರ ಸೊಂಟಕ್ಕೆ ಹಳದಿ ವಸ್ತ್ರ ಕಟ್ಟುತ್ತಿದ್ದಳು, ನನಗೂ ಕಟ್ಟಿದಳು. ನಾನು ಕ್ಯಾನ್ವಾಸ್ ಬೂಟು ಬಿಚ್ಚಿ ಗೋಡೆಗೆ ಜೋಡಿಸಿಟ್ಟು ಬರಿಗಾಲಲ್ಲಿ ಹೊರಟೆ. ಮುದುಕಿ ಬೂಟು ಎತ್ತಿಕೊಂಡು ಕೂಗುತ್ತ ಓಡಿ ಬಂದಳು. ಅಲ್ಲಿ ಎಲ್ಲರೂ ಹಾಕಿಕೊಂಡೇ ಹತ್ತುತ್ತಾರಂತೆ. ನನಗೆ ಹೇಗೆ ಗೊತ್ತಾಗಬೇಕು? ನಮ್ಮ ಉಚ್ಚಂಗಿದುರ್ಗದಲ್ಲಿ ಮೆಟ್ಟಿಲು ಶುರುವಾಗುವಲ್ಲೇ ಚಪ್ಪಲಿ ಬಿಡುತ್ತೇವೆ, ಮನೆಯವರಲ್ಲಿ ಒಬ್ಬರು ಕೆಳಗೆ ಕೂತು ಕಾಯುತ್ತಾರೆ. ಗುಡ್ಡದ ಮೇಲೆ ದೇವರಿದ್ದಾನೆಂದ ಮೇಲೆ ಚಪ್ಪಲಿ ಹಾಕಿಕೊಂಡು ಹೋಗಲು ನಮ್ಮ ಕಾಲೇ ಏಳುವುದಿಲ್ಲ. ಬೇಡವೆಂದು ಕೈ ಮುಗಿದೆ. ವಾಯನ್ ನಾನು ಕಾಯುತ್ತೇನೆ ಎಂದು ಬೂಟಿನ ಪಕ್ಕ ಕೂತ. ಮುದುಕಿ ಇನ್ನೊಂದು ಮಾತು ಹೇಳಿದಳು, ವಾಯನ್ ತಿಳಿಸಿದ. ಈ ಗುಡ್ಡ ಹತ್ತುವಾಗ ಆಯಾಸ ಎನ್ನಬಾರದು, ಯಾರನ್ನೂ ಬೈಯಬಾರದು.

ನನ್ನನ್ನು ಇದಕ್ಕಿಂತ ಕಷ್ಟಕ್ಕೆ ಸಿಕ್ಕಿಸುವುದು ಸಾಧ್ಯವಿರಲಿಲ್ಲ. ಊರಿಂದ ಹೊತ್ತುತಂದ ಬೈಗುಳ ಅಷ್ಟೂ ಹೊಟ್ಟೆಯಲ್ಲೇ ಉಳಿಯಿತು. ಬಾಯಿ ಮುಚ್ಚಿಕೊಂಡು ಹತ್ತಿದೆ. ಕಾಡಿನ ನಡುವೆ ಪಾಚಿ ಕಟ್ಟಿದ ಮೆಟ್ಟಿಲು, ಒಂದು ತಿರುವು ಮುಗಿದರೆ ಇನ್ನೊಂದು. ಕೋತಿಯೊಂದು ಚೀಲಕ್ಕೆ ಕೈ ಹಾಕಿ ನನ್ನ ಶೇಂಗಾ ಚಟ್ನಿಪುಡಿಯ ಪೊಟ್ಟಣ ಕಿತ್ತುಕೊಂಡು ಹೋಯಿತು. ಅದನ್ನೂ ಬೈಯಲಿಲ್ಲ. ಅರ್ಧ ದಾರಿಯಲ್ಲಿ ಹಿಮ್ಮಡಿ ಒಡೆದು ರಕ್ತ ಬಂತು, ಮಂಜು ಮುಚ್ಚಿ ಮೇಲಿನ ಮೆಟ್ಟಿಲು ಕಾಣದಾಯಿತು. ಹತ್ತುವವರು ಯಾರೂ ಇರಲಿಲ್ಲ. ಕೂತುಬಿಟ್ಟೆ. ಸಾಕು, ಇಲ್ಲಿತನಕ ಬಂದದ್ದೇ ದೊಡ್ಡದು ಎಂದು ಇಳಿಯಲು ಎದ್ದೂಬಿಟ್ಟೆ.

ನಿನಗ ಕುಕ್ಕರ ಚಲೋ ಎಂಬ ಆ ಮೆತ್ತಗಿನ ದನಿ ಕಿವಿಯಲ್ಲಿ ಕೇಳಿತು, ಹಿಂದೆಯೇ ದಾವಣಗೆರೆಯ ಆ ಸಭೆಯ ನಗು. ಮುಖ ಕಾದುಹೋಯಿತು. ತಿರುಗಿ ಹತ್ತತೊಡಗಿದೆ. ಬಾಯಲ್ಲಿ ಬೈಯಬಾರದು ಎಂದಿದ್ದರು, ಮನಸ್ಸಿನ ಮಾತು ಯಾರೂ ಹೇಳಿರಲಿಲ್ಲ. ಒಂದು ಮೆಟ್ಟಿಲಿಗೆ ಒಂದರಂತೆ ಬೈದುಕೊಂಡು ಹತ್ತಿದೆ, ಬೈಗುಳ ಮುಗಿಯುವ ಮೊದಲೇ ಗುಡ್ಡ ಮುಗಿಯಿತು. ಆ ಮನುಷ್ಯ ನನಗೆ ಮಾಡಿದ ಉಪಕಾರವೆಂದರೆ ಇದೊಂದೇ.

ತುದಿಯಲ್ಲಿ ಸಣ್ಣ ಗುಡಿ. ಬಿಳಿ ಬಟ್ಟೆಯ ಪೂಜಾರಿ. ಸುತ್ತ ಮಂಜು, ಏನೂ ಕಾಣದು. ಕೆರೆಯಂತೂ ಇಲ್ಲವೇ ಇಲ್ಲ. ಪೂಜಾರಿ ತಲೆಗೆ ನೀರು ಚಿಮುಕಿಸಿ, ಕುಡಿಯಲೆಂದು ಕೈಗೂ ಹಾಕಿದ. ಬೊಗಸೆಯೊಡ್ಡಿ ಕುಡಿದೆ. ಆ ಗುಡ್ಡದ ಮೇಲೆ ಇರುವ ನೀರು ಅಷ್ಟೇ. ನಮ್ಮವರ ನೆನಪಾಗಿ ಅಲ್ಲಿಯೇ ಒಂದಿಷ್ಟು ಹೊತ್ತು ಅತ್ತೆ. ಕೆಳಗಿಳಿದು, ಗುಡಿ ದಾಟಿ, ಮುದುಕಿಯ ಹಳದಿ ವಸ್ತ್ರ ಬಿಚ್ಚಿಕೊಟ್ಟ ಮೇಲೆಯೇ ಬಾಯಿ ಬಿಟ್ಟೆ. ಜೀಪು ನಿಲ್ಲುವ ಜಾಗದಲ್ಲಿ ನಿಂತು, "ಎಲ್ಲೈತ್ರೋ ಸಾಹುಕಾರ ನಿಮ್ಮ ಕೆರಿ?" ಎಂದು ಹರಪನಹಳ್ಳಿ ಸಂತೆಗೆ ಕೇಳುವಂತೆ ಕೂಗಿದೆ. ವಾಯನ್ ಬೂಟು ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದ.

ಊರಿಗೆ ಬಂದಾಗ ಬಿತ್ತನೆಯ ಗಡಿಬಿಡಿ. ಕೆರಿ ನೋಡಿದ್ರೇನ್ರಿ ಎಂದು ಕೇಳಿದವರಿಗೆಲ್ಲ, ಹಂಗಾಮು ಮುಗೀಲಿ, ಹೇಳ್ತೀನಿ ಎಂದೆ. ಹಂಗಾಮು ಮುಗಿದ ಮೇಲೆ ಆ ಕನ್ನಡಿಯವನ ಫೋಟೋವನ್ನು ಕೊಟ್ಟೂರಿಗೆ ಒಯ್ದು ದೊಡ್ಡ ಕಟ್ಟು ಹಾಕಿಸಿದೆ. ನಮ್ಮೂರಿನಲ್ಲಿ ಹಾಕಿಸಿದ್ದರೆ ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತಿತ್ತು. ಒಂದು ಮಧ್ಯಾಹ್ನ ಗಿರಾಕಿ ಇಲ್ಲದಾಗ, ಎದುರಿನ ಅಂಗಡಿಗೆ ಮುಖ ಮಾಡಿ ಅದನ್ನು ತೂಗುಹಾಕಲು ಮೊಳೆ ಹಿಡಿದು ನಿಂತಿದ್ದೆ. ಸಾಹುಕಾರರ ಹೆಂಡತಿ ನೀಲಮ್ಮಕ್ಕ ರಸ್ತೆ ದಾಟಿ ಒಳಗೆ ಬಂದರು.

"ಏನದು ತಂಗಿ?"

ಮುಚ್ಚಿಡಬೇಕು ಎನಿಸಲಿಲ್ಲ. ಇದ್ದದ್ದನ್ನು ಹೇಳುತ್ತೇನೆ, ಎನಿಸಲೇ ಇಲ್ಲ. ಕೈಗೆ ಕೊಟ್ಟು ಎಲ್ಲ ಹೇಳಿದೆ. ಅವರು ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದರು.

"ಇದ ಏನು ಕೆರಿ?"

"ಹೂನಕ್ಕ."

"ಇಷ್ಟ?"

"ಇಷ್ಟ."

ಸೆರಗು ಬಾಯಿಗಿಟ್ಟು ನಗತೊಡಗಿದರು. ಕಣ್ಣಲ್ಲಿ ನೀರು ಬರುವತನಕ ನಕ್ಕರು.

"ಕೆರಿ ವಿಚಾರ ಗೊತ್ತಿರಲಿಲ್ಲ ಬಿಡು. ಆದ್ರ ಅವರು ಹತ್ತಿಲ್ಲಂತ ಫೋಟೋ ಮನಿಗೆ ಬಂದ ದಿನಾನ ನನಗ ಗೊತ್ತಾಗಿತ್ತು. ಕಾಲಾಗ ಬೂಟು ಅದಾವಲ್ಲ! ಉಚ್ಚಂಗಿದುರ್ಗಕ್ಕ ಹೋದಾಗೆಲ್ಲಾ ಇವರು ಬೂಟು ಬಿಚ್ಚಲಾರದ್ದಕ್ಕ ಕೆಳಗ ಕುಂದರ್ತಿದ್ರು. ನಾನು, ಮಕ್ಕಳು ಹತ್ತಿ ಬರೋತನಾ ನಮ್ಮ ಚಪ್ಪಲಿ ಕಾಯ್ತಿದ್ರು. ಆ ಮನುಷ್ಯಾ ಒಂದು ಮೆಟ್ಲ ಹತ್ತಿದ್ದು ನಾ ಕಂಡಿಲ್ಲ."

"ಮತ್ತ ಯಾಕ ಸುಮ್ಮನಿದ್ರಿ ಅಕ್ಕಾ?"

"ಯಾರಿಗೆ ಹೇಳ್ಲಿ? ಕತಿ ಕೇಳಾಕ ಬಂದೋರಿಗೆ ಚಾ ಮಾಡಾಕಿ ನಾನು. ನನ್ನೂ ಕರಕೊಂಡು ಹೋಗ್ರಿ ಅಂದ್ರ, ನಿನ್ನ ಕೈಲಿ ಗುಡ್ಡ ಹತ್ತಾಕ ಆಗಂಗಿಲ್ಲ ಅಂದ್ರು. ನನಗ!" ನಗು ನಿಂತಿತ್ತು. ಕಟ್ಟನ್ನು ನನ್ನ ಕೈಗೆ ವಾಪಸು ಕೊಟ್ಟರು. "ಇಲ್ಲಿ ಹಾಕಿದ್ರ ಈ ಓಣಿ ಅಷ್ಟ ನೋಡತೈತಿ. ವರ್ಷಕ್ಕ ಪುಸ್ತಕ ಮಾಡಸ್ತಾರಂತ, ಕೂಡ್ಲಿಗಿ, ಹಡಗಲಿತನಾ ಹಂಚ್ತಾರಂತ. ಅಳಿಯನ್ನ ನಿನ್ನ ಹತ್ರ ಕಳಸ್ತೀನಿ. ಎಲ್ಲಾ ಬರಿ. ನಾ ಹೇಳಿದ್ದೂ ಬರಿ."

ಹೊರಡುವಾಗ ಅವರ ಕಣ್ಣು ಅಟ್ಟದ ಮೇಲೆ ಹೋಯಿತು. "ಅದು ಆ ಕುಕ್ಕರ ಏನು?" ಎಂದರು. ಹೌದೆಂದೆ. "ಅದನ್ಯಾಕ ಇಟ್ಕೊಂಡು ಕುಂತಿ? ನಿನ್ನ ಸೀಟು ಯಾರು ತಗೊಂಡಾರೋ ಅವರಿಗೆ ಕೊಟ್ಟು ಕಳಸು."

ಈ ಪುಟಗಳನ್ನು ಒಯ್ಯಲು ಅಳಿಯ ನಾಳೆ ಬರುತ್ತಾನೆ. ಫೋಟೋ ಕೇಳಿದ್ದ, ಅಚ್ಚು ಹಾಕಿಸಲಿ ಎಂದು ಕನ್ನಡಿಯವನದನ್ನು ಕಟ್ಟಿನ ಸಮೇತ ತೆಗೆದಿಟ್ಟಿದ್ದೇನೆ.  ಪಕ್ಕದಲ್ಲಿ ಕುಕ್ಕರ್ ಇದೆ. ಇವತ್ತು ಬೆಳಿಗ್ಗೆ ಅಟ್ಟದಿಂದ ಇಳಿಸಿ ಧೂಳು ಒರೆಸಿದೆ, ಡಬ್ಬದ ಸೀಲು ಇನ್ನೂ ಒಡೆದಿಲ್ಲ.